ಎರೆನಾಡಿನವನ ಕಡಲು

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಕಲಬುರಗಿಯ ನಮ್ಮ ಬಡಾವಣೆಯ ಮೊಬೈಲುಗಳಲ್ಲೆಲ್ಲ ಒಂದೇ ಫೋಟೊ ಓಡಾಡುತ್ತಿರುತ್ತದೆ. ಮುರ್ಡೇಶ್ವರವೋ ಗೋಕರ್ಣವೋ ಮಲ್ಪೆಯೋ, ಊರಿನ ಹೆಸರಷ್ಟೇ ಬೇರೆ. ಕಿತ್ತಳೆ ಬಣ್ಣದ ಸೂರ್ಯ, ಅದನ್ನು ಎರಡು ಬೆರಳ ನಡುವೆ ಹಿಡಿದಂತೆ ನಟಿಸುತ್ತಿರುವ ಮನೆಯ ಹುಡುಗ, ಅವನ ಸೊಂಟದ ಮಟ್ಟದಲ್ಲಿ ಕಪ್ಪಗೆ ಒಂದು ಪಟ್ಟಿ ನೀರು. ಹಂಗಿಸಲು ಹೇಳುತ್ತಿಲ್ಲ. ಐನೂರು ಆರುನೂರು ಕಿಲೋಮೀಟರ್ ಬಸ್ಸಿನಲ್ಲಿ ಕುಳಿತು ಸಮುದ್ರ ಕಂಡು ಬಂದವರು ಸಾಕ್ಷಿಗೊಂದು ಫೋಟೊ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿದೆ? ನನ್ನ ತಕರಾರು ಬೇರೆಯದು. ನೇರವಾದ ದಿಗಂತ, ಅದರ ಮೇಲೆ ಮುಳುಗುವ ಸೂರ್ಯ, ಇವೆರಡೂ ನಮ್ಮಲ್ಲೇ ಧಾರಾಳವಾಗಿವೆ. ಅಫಜಲಪುರದ ರಸ್ತೆ ಹಿಡಿದು ಊರು ದಾಟಿದರೆ ಸಾಕು, ಅಡ್ಡಲಾಗಿ ಒಂದು ದಿಬ್ಬವೂ ಇಲ್ಲದ ಎರೆ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ, ಅಂಚಿಗೆ ಅದೇ ಸೂರ್ಯ ಅದೇ ಬಣ್ಣದಲ್ಲಿ ಇಳಿಯುತ್ತಾನೆ. ಬಸ್ ಚಾರ್ಜೂ ಉಳಿಯುತ್ತದೆ.

ನಮ್ಮಲ್ಲಿ ಇಲ್ಲದಿರುವುದು ಕಾಲ ಬುಡದಿಂದ ದಿಗಂತದವರೆಗಿನ ಆ ನಡುವಿನ ಭಾಗ. ಇಲ್ಲಿ ನೆಲ ಅಲುಗುವುದಿಲ್ಲ, ಅಲುಗುವುದೆಲ್ಲ ಆಕಾಶದಲ್ಲಿ. ಕರಾವಳಿಯಲ್ಲಿ ಅದು ತಿರುವುಮುರುವು. ಬೆಳಿಗ್ಗೆ ನಿಂತ ಜಾಗ ಮಧ್ಯಾಹ್ನ ನೀರೊಳಗಿರುತ್ತದೆ, ಸಂಜೆ ಮತ್ತೆ ಮೇಲೆ ಬಂದಾಗ ಅದರ ಮುಖವೇ ಬೇರೆ. ವರ್ಷಕ್ಕೊಮ್ಮೆಯೋ ಎರಡು ಸಲವೋ ಕ್ಯಾಮೆರಾ ಹೊತ್ತು ಕಡಲ ಕಡೆಗೆ ಹೋಗುವ ಚಟ ಹತ್ತಿದ ಮೇಲೆ ನನಗೆ ನಾನೇ ಹೇಳಿಕೊಳ್ಳುವ ಮಾತು ಇಷ್ಟೇ: ದಿಗಂತ ಊರಿನಲ್ಲಿದೆ, ಇಲ್ಲಿ ಕೆಳಗೆ ನೋಡು.

ಬಯಲಿನಲ್ಲಿ ಫೋಟೊ ಕಲಿತವನಿಗೆ ಒಂದು ಲಾಭವಿದೆ. ಬೆಟ್ಟ, ಜಲಪಾತ, ಕಾಡು ಇರುವ ಸೀಮೆಯಲ್ಲಿ ನಿಸರ್ಗವೇ ಅರ್ಧ ಚಿತ್ರ ಮಾಡಿಟ್ಟಿರುತ್ತದೆ. ನಮ್ಮಲ್ಲಿ ಆ ಅನುಕೂಲವಿಲ್ಲ. ದಿಗಂತವನ್ನು ಚೌಕಟ್ಟಿನ ನಟ್ಟನಡುವೆ ಇಟ್ಟರೆ ಮೇಲೂ ಖಾಲಿ, ಕೆಳಗೂ ಖಾಲಿ. ಹಾಗಾಗಿ ಮೊದಲೇ ಯಾವುದಾದರೊಂದರ ಪಕ್ಷ ಹಿಡಿಯಬೇಕಾಗುತ್ತದೆ. ಜೂನ್‌ನಲ್ಲಿ ನೈಋತ್ಯದಿಂದ ಮೋಡ ಏರಿ ಬರುವಾಗ ಆಕಾಶದ ಪಕ್ಷ. ನೆಲಕ್ಕೆ ಅಡಿಯಲ್ಲೊಂದು ಪಟ್ಟಿ ಬಿಟ್ಟರೆ ಸಾಕು. ಏಪ್ರಿಲ್‌ನಲ್ಲಿ ಆಕಾಶ ದೂಳು ಹೊದ್ದು ಬಿಳಿಚಿಕೊಂಡಿರುವಾಗ ನೆಲದ ಪಕ್ಷ. ಆ ಹೊತ್ತಿಗೆ ಎರೆ ಮಣ್ಣು ಕೈ ಇಳಿಸುವಷ್ಟು ಬಿರುಕು ಬಿಟ್ಟಿರುತ್ತದೆ. ಅಗಲವಾಗಿ ನೋಡುವ ವೈಡ್ ಲೆನ್ಸ್ ಹಾಕಿ ಕ್ಯಾಮೆರಾವನ್ನು ನೆಲದಿಂದ ಗೇಣೆತ್ತರಕ್ಕೆ ಇಳಿಸಿದರೆ, ನಿಂತು ನೋಡಿದಾಗ ಬರೀ ಬಿರುಕಾಗಿದ್ದದ್ದು ಕಣಿವೆಯಾಗಿ ಕಾಣುತ್ತದೆ. ತೊಗರಿ ಹೂ ಬಿಡುವ ಕಾಲದಲ್ಲಿ ಸಾಲುಗಳೇ ಕಣ್ಣನ್ನು ದೂರಕ್ಕೆ ಕರೆದೊಯ್ಯುತ್ತವೆ. ಒಂದು ಹೆಜ್ಜೆ ಎಡಕ್ಕೆ ಸರಿದರೆ ಸಾಲು ಕೂಡಿಕೊಳ್ಳುತ್ತದೆ, ಬಲಕ್ಕೆ ಸರಿದರೆ ಚದುರಿಹೋಗುತ್ತದೆ. (2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಹೂವಿಗೂ ಒಂದು ಕೊಡಬಹುದಿತ್ತು.)

ನಿಲ್ಲುವ ಜಾಗ ಎಷ್ಟು ಮುಖ್ಯ ಎಂಬುದನ್ನು ಯಾದಗಿರಿ ಜಿಲ್ಲೆಯ ಶಹಾಪುರದ ಗುಡ್ಡಕ್ಕಿಂತ ಚೆನ್ನಾಗಿ ಕಲಿಸುವ ಮೇಷ್ಟರು ನನಗೆ ಸಿಕ್ಕಿಲ್ಲ. ಅಲ್ಲಿನ ಬಂಡೆಗಳ ಸಾಲು ರಸ್ತೆಯ ಒಂದು ಭಾಗದಿಂದ ನೋಡಿದರೆ ಅಂಗಾತ ಮಲಗಿದ ಬುದ್ಧ: ಹಣೆ, ಮೂಗು, ತುಟಿ, ಎದೆ, ಎಲ್ಲವೂ ಸ್ಪಷ್ಟ. ಅಲ್ಲಿಂದ ಸ್ವಲ್ಪ ಮುಂದೆ ಹೋದಿರೋ, ಬುದ್ಧ ಎದ್ದು ಹೋಗಿರುತ್ತಾನೆ. ಉಳಿಯುವುದು ಬರೀ ಬಂಡೆ. ಬಂಡೆ ಅದೇ, ಬೆಳಕು ಅದೇ. ಬದಲಾದದ್ದು ನೋಡುವವನು ನಿಂತ ಜಾಗ ಮಾತ್ರ. ಹೊಸ ಲೆನ್ಸಿಗೆ ದುಡ್ಡು ಕೂಡಿಡುತ್ತಿರುವ ಹುಡುಗರು ಯಾರಾದರೂ ಸಲಹೆ ಕೇಳಿದರೆ ಮೊದಲು ಶಹಾಪುರಕ್ಕೆ ಹೋಗಿ ಬನ್ನಿ ಎನ್ನುತ್ತೇನೆ. ಅವರು ನಕ್ಕು ಲೆನ್ಸನ್ನೇ ಕೊಳ್ಳುತ್ತಾರೆ.

ನಾನು ಹೆಚ್ಚಾಗಿ ಕರಾವಳಿಗೆ ಇಳಿಯುವುದು ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರದ ದಾರಿಯಲ್ಲಿ. ಅರೆಬೈಲು ಘಟ್ಟದಲ್ಲಿ ಬಸ್ಸು ತಿರುವು ತಿರುವಾಗಿ ಇಳಿಯುತ್ತಿದ್ದಂತೆ ಗಾಳಿ ಭಾರವಾಗುವುದು ಮೈಗೇ ಗೊತ್ತಾಗುತ್ತದೆ. ಕ್ಯಾಮೆರಾಕ್ಕೂ ಗೊತ್ತಾಗುತ್ತದೆ. ರಾತ್ರಿಯೆಲ್ಲ ಎಸಿ ಕೋಣೆಯಲ್ಲಿದ್ದ ಲೆನ್ಸನ್ನು ಬೆಳಿಗ್ಗೆ ಏಕಾಏಕಿ ಕಡಲ ಗಾಳಿಗೆ ತೆರೆದರೆ ಗಾಜು ಮಂಜಾಗಿ ಕುಳಿತುಬಿಡುತ್ತದೆ, ಒರೆಸಿದಷ್ಟೂ ಮತ್ತೆ ಬರುತ್ತದೆ. ಬ್ಯಾಗನ್ನು ಮುಚ್ಚಿಯೇ ಹೊರಗಿಟ್ಟು ಅರ್ಧ ಗಂಟೆ ಕಾಯುವುದೊಂದೇ ಉಪಾಯ. ಬೆಳಕಿನ ಸ್ವಭಾವವೂ ಅಲ್ಲಿ ಬೇರೆ. ನಮ್ಮ ಡಿಸೆಂಬರ್‌ನ ಒಣ ಗಾಳಿಯಲ್ಲಿ ಮೈಲಿಯಾಚೆಯ ಬೇವಿನ ಮರದ ಕೊಂಬೆಗಳನ್ನೂ ಎಣಿಸಬಹುದು. ಅಲ್ಲಿ ತೇವ ಬೆಳಕನ್ನು ಹರಡಿಬಿಡುತ್ತದೆ. ಹತ್ತಿರದ ತೆಂಗಿನ ಸಾಲು ಕಪ್ಪು, ಅದರಾಚೆಯದು ಬೂದು, ಅದರಾಚೆಯ ಘಟ್ಟ ಇದ್ದೂ ಇಲ್ಲದಂತೆ. ಇದನ್ನು ಸಾಫ್ಟ್‌ವೇರಿನಲ್ಲಿ ಎಳೆದಾಡಿ ನಿಚ್ಚಳ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಮಸುಕು ಬೇಡವೆಂದಿದ್ದರೆ ಮನೆಯಲ್ಲೇ ಇರಬಹುದಿತ್ತಲ್ಲ.

ಕರಾವಳಿಗೆ ಹೊರಡುವ ಮುನ್ನ ನಾನು ನೋಡುವುದು ಹವಾಮಾನ ವರದಿಗಿಂತ ಮೊದಲು ಗೋಡೆಯ ಕ್ಯಾಲೆಂಡರ್. ಅಮಾವಾಸ್ಯೆ, ಹುಣ್ಣಿಮೆ ಯಾವ ದಿನ ಎಂದು. ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಗೆ ಬರುವ ಆ ದಿನಗಳಲ್ಲಿ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಹೊತ್ತು ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಕರ್ನಾಟಕದ ತೀರದಲ್ಲಿ ನೀರಿನ ಮಟ್ಟ ಏರಿಳಿಯುವುದು ಒಂದೆರಡು ಮೀಟರಿನ ಒಳಗೇ. ಕೇಳಲು ಸಣ್ಣದು. ಆದರೆ ಚಪ್ಪಟೆಯಾದ ಮರಳ ದಂಡೆಯಲ್ಲಿ ಅಷ್ಟು ಇಳಿದರೆ ನೀರು ಎಷ್ಟೋ ಮಾರು ಹಿಂದಕ್ಕೆ ಸರಿದು, ಅಷ್ಟು ಹೊತ್ತು ಯಾರೂ ಕಾಣದ ನೆಲವನ್ನು ತೆರೆದಿಡುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಹತ್ತಿರ ಈ ದೊಡ್ಡ ಇಳಿತ ಹೆಚ್ಚುಕಡಿಮೆ ಬೆಳಗಿನ ಜಾವಕ್ಕೂ ಸಂಜೆಗೂ ಬೀಳುವುದರಿಂದ, ಬೆಳಕೂ ನೆಲವೂ ಒಟ್ಟಿಗೆ ಸಿಗುತ್ತವೆ.

ಇದರಿಂದ ನನಗೊಂದು ಫಜೀತಿಯಿದೆ. ವರ್ಷದ ಅತಿ ಒಳ್ಳೆಯ ಇಳಿತಗಳಲ್ಲಿ ಒಂದು ಎಳ್ಳಮಾವಾಸ್ಯೆಗೆ ಬೀಳುತ್ತದೆ. ಚಳಿಗಾಲದ ತಿಳಿಯಾದ ಆಕಾಶ, ಶಾಂತವಾದ ಕಡಲು. ಆದರೆ ಆ ದಿನ ಕಲಬುರಗಿ, ಬೀದರ್, ಯಾದಗಿರಿಯ ಯಾವ ಮನೆಯವನೂ ಹೊಲ ಬಿಟ್ಟು ಬೇರೆಲ್ಲಿಗೂ ಹೋಗುವಂತಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಕಟ್ಟಿಕೊಂಡು ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಬೀರಲು, ಮನೆಮಂದಿಯೆಲ್ಲ ಹೊಲದಲ್ಲಿರುವಾಗ ನಾನೊಬ್ಬ ಗೋಕರ್ಣದಲ್ಲಿ ಟ್ರೈಪಾಡ್ ಊರಿಕೊಂಡು ನಿಂತರೆ ನಮ್ಮ ಸೋದರಮಾವ ಮುಂದಿನ ವರ್ಷದವರೆಗೂ ಮಾತನಾಡಿಸುವುದಿಲ್ಲ. ಹಾಗಾಗಿ ಎಳ್ಳಮಾವಾಸ್ಯೆಯ ಕಡಲನ್ನು ಇನ್ನೂ ನೋಡಿಲ್ಲ. ಅದರ ಮರುದಿನ ರಾತ್ರಿಯ ಬಸ್ಸು ಹತ್ತಿದ್ದುಂಟು.

ಇಳಿತದ ಹೊತ್ತಿನಲ್ಲಿ ದಂಡೆಯ ಮೇಲೆ ನಡೆಯುವಾಗ ಸೂರ್ಯ ಎಲ್ಲಿದ್ದಾನೆ ಎಂಬುದು ನೆನಪಾಗುವುದೇ ಕಷ್ಟ, ಅಷ್ಟು ಕೆಲಸ ಕೆಳಗಿರುತ್ತದೆ. ನೀರು ಹಿಂದೆ ಸರಿಯುವಾಗ ಮರಳಿನ ಮೇಲೆ ಸಣ್ಣ ಸಣ್ಣ ಕಾಲುವೆಗಳು ಕೊರೆಯುತ್ತವೆ. ಒಂದು ಕವಲು ಎರಡಾಗಿ, ಎರಡು ನಾಲ್ಕಾಗಿ, ಮೇಲಿನಿಂದ ನೋಡಿದರೆ ಒಂದು ಇಡೀ ನದಿಯ ನಕ್ಷೆ ಮೊಣಕಾಲಷ್ಟು ಜಾಗದಲ್ಲಿ. ಕಪ್ಪು ಮರಳು ಹಗುರವಾದ ಬಿಳಿ ಮರಳಿನಿಂದ ಬೇರೆಯಾಗಿ ಗೆರೆಗಟ್ಟಿರುತ್ತದೆ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ಏಡಿಗಳು ಬಿಲದಿಂದ ಹೊರಬಂದು ಮರಳನ್ನು ಬಾಯಿಗಿಟ್ಟು, ಅದರಲ್ಲಿರುವ ಆಹಾರ ಸೋಸಿಕೊಂಡು, ಉಳಿದದ್ದನ್ನು ಕಾಳಿನಷ್ಟು ಗುಂಡಗೆ ಮಾಡಿ ಹಿಂದಕ್ಕೆ ಎಸೆಯುತ್ತವೆ. ಬಿಲವನ್ನು ನಡುವಿಟ್ಟುಕೊಂಡು ಸುತ್ತಲೂ ಈ ಗುಂಡುಗಳ ಸಾಲು ಹರಡುತ್ತಾ ಹೋಗುತ್ತದೆ. ಹೆಜ್ಜೆಯ ಸದ್ದಿಗೆ ಏಡಿ ಮಾಯ. ಕದಲದೆ ಕುಳಿತರೆ ಒಂದೆರಡು ನಿಮಿಷದಲ್ಲಿ ಮೊದಲು ಒಂದು ಕಣ್ಣಿನ ಕಡ್ಡಿ ಮೇಲೇಳುತ್ತದೆ, ಆಮೇಲೆ ಇನ್ನೊಂದು, ಆಮೇಲೆ ಕೆಲಸ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಶುರು. ಸೂರ್ಯ ಇಳಿಬಿಸಿಲಿನ ಮಟ್ಟಕ್ಕೆ ಬಂದಾಗ ಪ್ರತಿ ಮರಳುಂಡೆಗೂ ಉದ್ದನೆಯ ನೆರಳು. ಕ್ಯಾಮೆರಾವನ್ನು ಅಷ್ಟು ಕೆಳಗಿಟ್ಟು ತೆಗೆದ ಚಿತ್ರದಲ್ಲಿ ಹಿಂದಿನ ಸಮುದ್ರ ಬೆರಳಗಲದ ಹೊಳೆಯುವ ಪಟ್ಟಿಯಾಗಿ ಉಳಿದರೂ ಅದಕ್ಕೆ ಅವಮಾನವಾಗುವುದಿಲ್ಲ.

ಅಂಥದ್ದೇ ಒಂದು ಚಿತ್ರವನ್ನು, ಅಲೆ ಮಡಿಚಿಟ್ಟುಹೋದ ಮರಳ ಗೆರೆಗಳದ್ದು, ಸೋದರಮಾವನಿಗೆ ತೋರಿಸಿದೆ. ಚಿತ್ತಾಪುರ ತಾಲ್ಲೂಕಿನಲ್ಲಿ ಹೊಲ ಮಾಡುವ ಮನುಷ್ಯ. ಕನ್ನಡಕ ಏರಿಸಿ, ಇಳಿಸಿ, ಮೊಬೈಲನ್ನು ದೂರ ಹಿಡಿದು ನೋಡಿ ಕೇಳಿದರು: “ಕುಂಟೆ ಚೆನ್ನಾಗಿ ಹೊಡೆದಿದ್ದಾರೆ. ಯಾರ ಹೊಲವಪ್ಪಾ ಇದು?” ಸಮುದ್ರ ಎಂದಾಗ ನಂಬಲಿಲ್ಲ. “ಸಮುದ್ರವಾದರೆ ನೀರೆಲ್ಲಿ?” ಪ್ರಶ್ನೆ ಸರಿಯಾದದ್ದೇ. ಆದರೆ ಆ ಚಿತ್ರವನ್ನು ಅವರು ಸೂರ್ಯಾಸ್ತದ ಯಾವ ಫೋಟೊಗಿಂತಲೂ ಹೆಚ್ಚು ಹೊತ್ತು ನೋಡಿದ್ದರು.

ಪಶ್ಚಿಮ ಕರಾವಳಿಯಲ್ಲಿ ಸೂರ್ಯ ನೀರಿಗೆ ಇಳಿಯುತ್ತಾನೆ ಎಂಬ ಒಂದೇ ಕಾರಣಕ್ಕೆ ಜನ ಸಂಜೆಗೆ ಮುಗಿಬೀಳುತ್ತಾರೆ, ಬೆಳಗನ್ನು ಹೋಟೆಲಿನ ಕೋಣೆಯಲ್ಲಿ ಕಳೆಯುತ್ತಾರೆ. ನನಗೆ ಬೆಳಗೇ ಮೇಲು. ಸೂರ್ಯ ಘಟ್ಟದ ಹಿಂದಿನಿಂದ ಬರುವುದರಿಂದ ದಂಡೆಯ ಮೇಲೆ ಬಹಳ ಹೊತ್ತು ನೆರಳಿಲ್ಲದ ತಂಪು ಬೆಳಕು ಇರುತ್ತದೆ. ಮೊದಲ ಬಿಸಿಲು ಬಿದ್ದಾಗ ಅದು ನಮ್ಮ ಬೆನ್ನ ಹಿಂದಿನಿಂದ ಹೋಗಿ ನೇರ ಅಲೆಯ ಮುಖಕ್ಕೆ ತಾಗುತ್ತದೆ. ಸಂಜೆ ಕಪ್ಪಗೆ ಕಾಣುವ ನೀರು ಬೆಳಿಗ್ಗೆ ತನ್ನ ನಿಜವಾದ ಹಸಿರನ್ನು ತೋರಿಸುತ್ತದೆ. ಸಂಜೆಯೇ ಬೇಕೆನ್ನುವವರು ಸೂರ್ಯ ಮುಳುಗಿದ ಕೂಡಲೇ ಗೋಬಿ ಮಂಚೂರಿಯ ಗಾಡಿಯ ಕಡೆ ಹೊರಡಬಾರದು. ಮುಳುಗಿದ ಮೇಲಿನ ಇಪ್ಪತ್ತು ಇಪ್ಪತ್ತೈದು ನಿಮಿಷ ಒದ್ದೆ ಮರಳಿನಲ್ಲಿ ಆಕಾಶ ಎರಡನೆಯ ಸಲ ಕಾಣಿಸುತ್ತದೆ, ಬಣ್ಣ ನಿಮಿಷ ನಿಮಿಷಕ್ಕೆ ನೀಲಿಯ ಕಡೆ ಜಾರುತ್ತದೆ. ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಗಿಡ್ಡ. ಕತ್ತಲು ಕವಿಯುವ ಮೊದಲು ಟ್ರೈಪಾಡಿನ ಜಾಗ ಗೊತ್ತಾಗಿರಬೇಕು.

ಬೆಳಗಿನ ಇನ್ನೊಂದು ಸಂಪತ್ತು ಕೈರಂಪಣಿ. ದೋಣಿಯಲ್ಲಿ ಬಲೆಯನ್ನು ಅರ್ಧ ವೃತ್ತವಾಗಿ ಬಿಟ್ಟುಬಂದು, ಎರಡೂ ತುದಿಯ ಹಗ್ಗ ಹಿಡಿದು ದಂಡೆಯ ಮೇಲಿಂದ ಜನ ಎಳೆಯುತ್ತಾರೆ. ಎರಡು ಸಾಲು ಜನ, ಒಂದೇ ಕಡೆಗೆ ಬಾಗಿದ ಮೈ, ಕಡಲಿನೊಳಗೆ ಮಾಯವಾಗುವ ಹಗ್ಗ. ಇಷ್ಟು ಗೆರೆಗಳು ತಾವಾಗಿ ಕೂಡಿಬರುವ ದೃಶ್ಯ ನಿಸರ್ಗದಲ್ಲೇ ಅಪರೂಪ. ಉಡುಪಿಯ ಕಡೆಯ ಒಂದು ದಂಡೆಯಲ್ಲಿ ನಾನು ಎರಡು ಹಗ್ಗಗಳ ನಡುವೆ ಮಂಡಿಯೂರಿದ್ದಾಗ ಹಿರಿಯರೊಬ್ಬರು ಎಳೆಯುವುದನ್ನು ನಿಲ್ಲಿಸದೆಯೇ ಕೂಗಿದರು: “ಹಗ್ಗದ ಒಳಗೆ ನಿಲ್ಲಬೇಡಿ ಮಾರಾಯರೇ, ಬಲೆ ಭಾರ ಬಂದರೆ ಒಂದೇ ಸಲ ಬಿಗಿಯುತ್ತದೆ.” ಆಮೇಲೆ ಬಲೆ ದಡ ಸೇರಿದಾಗ ಯಾವ ಊರು ಎಂದು ಕೇಳಿದರು. ಕಲಬುರಗಿ ಎಂದೆ. ತೊಗರಿಯ ಬೆಲೆ ಎಷ್ಟಿದೆ ಎಂದು ವಿಚಾರಿಸಿದರು. ನಾನು ಬಂಗುಡೆಯ ಬೆಲೆ ಕೇಳಿದೆ. ಇಬ್ಬರಿಗೂ ಬೆಲೆ ಸಾಲದೆನ್ನಿಸಿತು. ಜನ ಕೆಲಸ ಮಾಡುವಾಗ ಕೇಳಿಯೇ ಕ್ಯಾಮೆರಾ ಎತ್ತುತ್ತೇನೆ, ಹಗ್ಗದ ಹೊರಗೇ ನಿಲ್ಲುತ್ತೇನೆ. ಹೊರಗಿನಿಂದ ನೋಡಿದಾಗಲೇ ಎರಡು ಸಾಲೂ ಒಟ್ಟಿಗೆ ಕಾಣುತ್ತವೆ ಎಂಬುದು ಬೇರೆ ಮಾತು.

ಒಂದೇ ಜಾಗವನ್ನು ಆರಿಸು ಎಂದರೆ ಕುಮಟಾದ ಹತ್ತಿರದ ಅಘನಾಶಿನಿ ಅಳಿವೆಯನ್ನು ಆರಿಸುತ್ತೇನೆ. ಎಲ್ಲೂ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ. ಕೊನೆಯ ಹಂತದಲ್ಲಿ ಅಗಲವಾಗಿ ಹರಡಿ, ಇಳಿತದ ಹೊತ್ತಿಗೆ ಕೆಸರ ಬಯಲನ್ನು ಬಿಟ್ಟುಕೊಡುತ್ತದೆ. ಆಗ ಹೆಂಗಸರು ಗಂಡಸರು ನೀರಿಗಿಳಿದು ಕೆಸರಿನಲ್ಲಿ ಕೈಯಾಡಿಸಿ ಚಿಪ್ಪಿಗಳನ್ನು ಆರಿಸುತ್ತಾರೆ. ಅವರ ಪಕ್ಕದಲ್ಲಿ ಬುಟ್ಟಿಯೋ ಪ್ಲಾಸ್ಟಿಕ್ ಟಬ್ಬೋ ತೇಲುತ್ತಿರುತ್ತದೆ. ದಂಡೆಯಲ್ಲಿ ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಒಳಗೆ ಉಪ್ಪು ನೀರನ್ನು ತಡೆದುಕೊಳ್ಳುವ ಕಗ್ಗ ಭತ್ತದ ಗದ್ದೆಗಳು, ಅಲ್ಲಿಯವರ ಮಾತಿನಲ್ಲಿ ಗಜನಿ. ಇಲ್ಲಿ ವೈಡ್ ಲೆನ್ಸ್ ಕೆಲಸಕ್ಕೆ ಬಾರದು. ದೂರದ್ದನ್ನು ಹತ್ತಿರ ತರುವ 200 ಮಿ.ಮೀ. ಲೆನ್ಸಿನಲ್ಲಿ ದೂರದಿಂದ ನೋಡಿದರೆ ಹೊಳೆಯುವ ಚಪ್ಪಟೆ ನೀರಿನ ಮೇಲೆ ಬಾಗಿದ ಬೆನ್ನುಗಳು ಅಲ್ಲೊಂದು ಇಲ್ಲೊಂದು ಚುಕ್ಕೆ. ಒಬ್ಬರ ಬೆನ್ನು ಇನ್ನೊಬ್ಬರ ಬೆನ್ನಿಗೆ ಅಡ್ಡ ಬಾರದ ಕ್ಷಣಕ್ಕಾಗಿ ಕಾಯುವುದಷ್ಟೇ ನಮ್ಮ ಕೆಲಸ. ತೊಗರಿ ರಾಶಿಯ ಕಾಲದಲ್ಲಿ ಹೊಲದಲ್ಲಿ ಮಾಡುವುದೂ ಇದನ್ನೇ. ದಿಗಂತವನ್ನು ಚಿತ್ರದಿಂದ ಪೂರ್ತಿ ತೆಗೆದುಹಾಕುವ ಧೈರ್ಯ ನನಗೆ ಮೊದಲು ಬಂದದ್ದು ಇಲ್ಲಿ.

ಶಟರಿನ ವೇಗದ ಬಗ್ಗೆ, ಅಂದರೆ ಕ್ಯಾಮೆರಾದೊಳಗೆ ಬೆಳಕನ್ನು ಎಷ್ಟು ಹೊತ್ತು ಬಿಡಬೇಕು ಎಂಬುದರ ಬಗ್ಗೆ, ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಕಡಲ ಚಿತ್ರ ಎಂದರೆ ಕಪ್ಪು ಫಿಲ್ಟರ್ ಹಾಕಿ ಅರ್ಧ ನಿಮಿಷ ಶಟರ್ ತೆರೆದಿಟ್ಟು ನೀರನ್ನು ಮಂಜು ಮಾಡುವುದೇ ಎಂಬ ನಂಬಿಕೆ ಬೇರೂರಿಬಿಟ್ಟಿದೆ. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು; ಎನ್‌ಡಿ ಎನ್ನುವ ಆ ಕಪ್ಪು ಫಿಲ್ಟರ್ ಹತ್ತು ಸ್ಟಾಪಿನದಾದರೆ ಬೆಳಕನ್ನು ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಸೆಕೆಂಡಿನ 1/60 ಭಾಗ ಸಾಕಾಗಿದ್ದ ಕಡೆ ಹದಿನೇಳು ಸೆಕೆಂಡ್ ಬೇಕಾಗುತ್ತದೆ. ಅಷ್ಟರಲ್ಲಿ ಎರಡು ಮೂರು ಅಲೆಗಳು ಬಂದು ಹೋಗಿ ಯಾವುದೂ ಉಳಿಯುವುದಿಲ್ಲ. ಚಂದವಾಗಿಯೇ ಇರುತ್ತದೆ. ಆದರೆ ಕಾರವಾರದ ಅಲೆಯೂ ಉಳ್ಳಾಲದ ಅಲೆಯೂ ಯಾವುದೋ ಕೆರೆಯ ನೀರೂ ಆಗ ಒಂದೇ. ನನಗೆ ಹಿಡಿಸುವುದು ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನ ನಡುವಿನದು, ಅದೂ ಅಲೆ ಬರುವಾಗಲ್ಲ, ಮರಳುವಾಗ. ನೊರೆ ಮರಳಿನ ಮೇಲೆ ಎಳೆ ಎಳೆಯಾಗಿ ಹಿಂದಕ್ಕೆ ಜಾರುತ್ತದೆ, ಕಲ್ಲೊಂದು ಅಡ್ಡ ಬಂದರೆ ಅದರ ಎರಡೂ ಬದಿಯಿಂದ ಸೀಳಿಕೊಂಡು ಹೋಗುತ್ತದೆ. ನೀರು ಯಾವ ಕಡೆ ಹೋಯಿತು ಎಂಬುದು ಚಿತ್ರದಲ್ಲಿ ಬರೆದಿಟ್ಟಂತೆ ಉಳಿಯುತ್ತದೆ. ಇದಕ್ಕೆ ಹತ್ತು ಸ್ಟಾಪ್ ಬೇಡ. ಬೆಳಗಿನ ಮಂದ ಬೆಳಕಿನಲ್ಲಿ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿ ಎಫ್/11ಕ್ಕೆ ಇಟ್ಟರೆ ಎಷ್ಟೋ ಸಲ ಫಿಲ್ಟರೇ ಬೇಡ.

ತೊಂದರೆ ಟ್ರೈಪಾಡಿನದು. ಒದ್ದೆ ಮರಳಿನಲ್ಲಿ ಅಲೆ ಹಿಂದೆ ಸರಿಯುವಾಗ ಕಾಲಿನ ಬುಡದ ಮರಳನ್ನೂ ಸ್ವಲ್ಪ ಕೊಚ್ಚಿಕೊಂಡು ಹೋಗುತ್ತದೆ, ಶಟರ್ ತೆರೆದಿರುವಾಗಲೇ ಕ್ಯಾಮೆರಾ ಒಂದು ಕೂದಲೆಳೆ ಕುಸಿಯುತ್ತದೆ. ಕಾಲುಗಳನ್ನು ಮೊದಲೇ ಒತ್ತಿ ಆಳಕ್ಕಿಳಿಸಿ, ಒಂದೆರಡು ಅಲೆ ಹೋಗಲು ಬಿಟ್ಟು, ಆಮೇಲೆ ತೆಗೆಯಬೇಕು. ಕೋಣೆಗೆ ಬಂದ ಕೂಡಲೇ ಕಾಲುಗಳನ್ನು ಬಿಚ್ಚಿ ಸಿಹಿ ನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಮರಳು ಸೇರಿ ತಿರುಪುಗಳನ್ನು ತಿಂದುಹಾಕುತ್ತವೆ. ಲೆನ್ಸಿನ ಮೇಲೆ ಕೂರುವ ಉಪ್ಪಿನ ಹನಿಯನ್ನು ಒಣ ಬಟ್ಟೆಯಿಂದ ಉಜ್ಜಬಾರದು, ಗೀರು ಬೀಳುತ್ತದೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣದು. ಇಷ್ಟು ಸಾಕು, ಸಲಕರಣೆಯ ಮಾತು ಶುರು ಮಾಡಿದರೆ ಮುಗಿಯುವುದಿಲ್ಲ.

ಹೆಸರಾದ ಜಾಗಗಳ ಬಗ್ಗೆ ಎರಡು ಮಾತು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ಎರಡೂ ಒಂದೇ ಚಿತ್ರದಲ್ಲಿ ಸಿಗುವುದು ಎತ್ತರದಿಂದ ಮಾತ್ರ. ನೆಲದ ಮೇಲೆ ನಿಂತವನಿಗೆ ಸಿಗುವುದು ನಡುವಿನ ರಸ್ತೆ. ಎಲ್ಲರೂ ಕಡಲಿಗೆ ಮುಖ ಮಾಡಿ ಕಾರು ನಿಲ್ಲಿಸುತ್ತಾರೆ. ಬೆಳಿಗ್ಗೆ ನದಿಯ ಕಡೆ ತಿರುಗಿದರೆ ಗಾಳಿಯಿಲ್ಲದ ನೀರು, ತೆಂಗು, ತಿಳಿಯಾದ ದಿನ ಹಿಂದೆ ಕೊಡಚಾದ್ರಿಯ ಸಾಲು. ಕಾಪುವಿನ 1901ರ ದೀಪಸ್ತಂಭವನ್ನು ತೆಗೆಯದವರಿಲ್ಲ. ನನಗೆ ಅದರ ಬುಡದ ಬಂಡೆಗಳೇ ಹೆಚ್ಚು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಕೊಂಕಣ ರೈಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯಿದೆ. ರೈಲಿನ ಕಿಟಕಿಯಿಂದ 1/15 ಸೆಕೆಂಡಿಗೆ ಇಟ್ಟು ತೆಗೆದರೆ ಹತ್ತಿರದ ಕಂಬಿ ಕರಗಿ ದೂರದ ಕುದ್ರು, ಅಂದರೆ ನದಿಯ ನಡುಗಡ್ಡೆ, ಮಾತ್ರ ನಿಲ್ಲುತ್ತದೆ. ಹತ್ತರಲ್ಲಿ ಒಂದು ಬಂದರೆ ಪುಣ್ಯ. ಕಾರವಾರದ ನೌಕಾನೆಲೆಯ ಆಸುಪಾಸಿನಲ್ಲಿ ಕ್ಯಾಮೆರಾ ಹೊರತೆಗೆಯಲೇಬೇಡಿ, ಡ್ರೋನಿನ ಮಾತಂತೂ ದೂರ.

ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ವಿಷಯ ಬೇರೆ. ಲಾವಾ ತಣಿದು ಕುಗ್ಗುವಾಗ ಸೀಳಿ, ಐದು ಆರು ಮುಖದ ಕಂಬಗಳಾಗಿ ನಿಂತ ಬಂಡೆಗಳು. ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು ಎನ್ನುತ್ತಾರೆ ಭೂವಿಜ್ಞಾನಿಗಳು. ನಮ್ಮ ಎರೆ ಮಣ್ಣೂ ಲಾವಾದ ಮಗನೇ. ಆದರೆ ಅದು ದಖ್ಖನ್ ಪ್ರಸ್ಥಭೂಮಿಯಲ್ಲಿ ಹಾಸಿಕೊಂಡಿರುವ ಡೆಕ್ಕನ್ ಟ್ರ್ಯಾಪ್‌ನ ಲಾವಾ, ಸುಮಾರು 6.6 ಕೋಟಿ ವರ್ಷದ್ದು, ದ್ವೀಪದ್ದಕ್ಕಿಂತ ಎಳೆಯದು. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ಹೋದವನಿಗೆ ಅಲ್ಲಿ ಒಂದು ನಿರಾಸೆ ಕಾದಿರುತ್ತದೆ: ದೋಣಿ ಬಿಡುವುದೇ ಹಗಲಿನಲ್ಲಿ, ಮರಳಿ ಬರಬೇಕಾದದ್ದೂ ಹಗಲಿನಲ್ಲೇ. ಬೆಳಗಿನ ಬೆಳಕಿಲ್ಲ, ಸಂಜೆಯದ್ದೂ ಇಲ್ಲ. ನೆತ್ತಿಯ ಬಿಸಿಲಿನೊಡನೆಯೇ ಬಾಳುವೆ ಮಾಡಬೇಕು. ಕಲಬುರಗಿಯವನಿಗೆ ನೆತ್ತಿಯ ಬಿಸಿಲು ಹೊಸದೇ? ಬಣ್ಣ ಬಿಟ್ಟು ಕಪ್ಪುಬಿಳುಪಿಗೆ ಹೋಗುತ್ತೇನೆ. ಮೇಲಿನಿಂದ ಬೀಳುವ ಬಿಸಿಲು ಕಂಬದಿಂದ ಕಂಬಕ್ಕೆ ಇರುವ ಸಣ್ಣ ಎತ್ತರದ ವ್ಯತ್ಯಾಸವನ್ನೆಲ್ಲ ಕಡುಗಪ್ಪು ನೆರಳಾಗಿ ಕೊರೆದಿಡುತ್ತದೆ. ಇಡೀ ದ್ವೀಪವನ್ನು ಒಂದು ಚಿತ್ರದಲ್ಲಿ ತುಂಬುವ ಆಸೆ ಬಿಟ್ಟು ನಾಲ್ಕೈದು ಕಂಬದ ತಲೆಗಳನ್ನಷ್ಟೇ ಹಿಡಿದರೆ ಅದು ಎಲ್ಲಿಯದು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಏನು ಎಂಬುದು ಚೆನ್ನಾಗಿ ಗೊತ್ತಾಗುತ್ತದೆ.

ಬೀದರಿನವರು ಕರಾವಳಿಗೆ ಹೋದರೆ ಕಲ್ಲಿನ ವಿಷಯದಲ್ಲಿ ಅಪರಿಚಿತರಾಗುವುದಿಲ್ಲ. ಕುಮಟಾದ ಹತ್ತಿರದ ಮಿರ್ಜಾನ್ ಕೋಟೆಯದ್ದೂ ಬೀದರ್ ಕೋಟೆಯದ್ದೂ ಒಂದೇ ಜಾತಿಯ ಕೆಂಪು ಜಂಬಿಟ್ಟಿಗೆ. ಒಂದಕ್ಕೆ ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಸೀಮೆ, ಇನ್ನೊಂದಕ್ಕೆ ಅದರ ಕಾಲು ಭಾಗದ ಆಸುಪಾಸು. ಮಿರ್ಜಾನಿನ ಗೋಡೆ ಮಳೆಗಾಲದಲ್ಲಿ ಹಾವಸೆ ಹೊದ್ದು ಹಸಿರಾಗುತ್ತದೆ, ಕೆಂಪು ಅಲ್ಲಲ್ಲಿ ಇಣುಕುತ್ತದೆ. ಬೀದರಿನದ್ದು ಬೇಸಿಗೆಯ ಬಿಸಿಲಿನಲ್ಲಿ ತೂತು ತೂತಿಗೂ ನೆರಳು ತುಂಬಿಕೊಂಡು ನಿಲ್ಲುತ್ತದೆ. ಒದ್ದೆ ಕಲ್ಲಿನ ಮೇಲಿನ ಬಿಳಿ ಹೊಳಪನ್ನು ಪೋಲರೈಸರ್ ಎಂಬ ಫಿಲ್ಟರ್ ತಿರುಗಿಸಿ ತೆಗೆದರೆ ಒಳಗಿನ ಕೆಂಪು ಮೇಲೆ ಬರುತ್ತದೆ. ಬೀದರಿನಲ್ಲಿ ಒಂದು ಮಳೆ ಬಿದ್ದ ಮರುಗಳಿಗೆ ಹೀಗೆ ತೆಗೆದ ಗೋಡೆಯ ಚಿತ್ರವನ್ನು ಕುಮಟಾದ ಗೆಳೆಯನಿಗೆ ಕಳಿಸಿದರೆ ಅವನು ತನ್ನೂರಿನದೇ ಎಂದುಕೊಂಡ.

ಮಳೆಗಾಲದ ಕಡಲನ್ನು ನೋಡಲು ಹೋಗುವವರಿಗೆ ಮಾತ್ರ ಒಂದು ಎಚ್ಚರಿಕೆ ಹೇಳಲೇಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಬಂದರಿನಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ, ನೀರು ನದಿಗಳ ಕೆಂಪು ಹೊತ್ತು ಕಂದಾಗಿರುತ್ತದೆ. ಆ ಬಣ್ಣ, ಆ ಮೋಡ ಬೇರೆ ಯಾವ ಕಾಲದಲ್ಲೂ ಸಿಗುವುದಿಲ್ಲ. ಆದರೆ ಸಮುದ್ರವನ್ನೇ ಬದುಕಾಗಿಸಿಕೊಂಡವರೇ ಕಡಲಿನಿಂದ ದೂರ ಇರುವ ಹೊತ್ತಿನಲ್ಲಿ, ಈಜು ಬಾರದ ಬಯಲುಸೀಮೆಯವರು ಪಾಚಿಗಟ್ಟಿದ ಬಂಡೆಯ ತುದಿಗೆ ಹೋಗಿ ಕಡಲಿಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆಯುವುದನ್ನು ನೋಡಿದರೆ ಹೊಟ್ಟೆ ತೊಳಸುತ್ತದೆ. ಮಳೆಗಾಲದಲ್ಲಿ ನಾನು ಬಂಡೆಯ ಮೇಲೆ ಹೋಗುವುದೇ ಇಲ್ಲ. ರಸ್ತೆಯ ಮೇಲಿಂದ, ಉದ್ದ ಲೆನ್ಸಿನಲ್ಲಿ, ಕೊಡೆ ಹಿಡಿಯಲು ಒಬ್ಬರಿದ್ದರೆ ಅವರ ಆಶ್ರಯದಲ್ಲಿ.

ಈಗೊಂದೆರಡು ವರ್ಷದಿಂದ ಕಡಲ ಚಿತ್ರಗಳಿಗಾಗಿ ಊರು ಬಿಡುವುದು ಕಡಿಮೆಯಾಗಿದೆ. ಕಾರಣ ಮನೆಯ ನೆಲಕ್ಕೆ ಹಾಸಿದ ಫರ್ಸಿ ಕಲ್ಲು. ಕಲಬುರಗಿಯಲ್ಲಿ ಶಹಾಬಾದಿನ ಕಲ್ಲಿಲ್ಲದ ಹಳೆಯ ಮನೆ ಹುಡುಕುವುದು ಕಷ್ಟ. ನೆಲಕ್ಕೆ ಅದೇ, ಕಟ್ಟೆಗೆ ಅದೇ, ಎಷ್ಟೋ ಹಳ್ಳಿಗಳಲ್ಲಿ ಸೂರಿಗೂ ಅದೇ. ಇದು ಸುಣ್ಣದ ಕಲ್ಲು. ಡೈನೋಸಾರ್‌ಗಳು ಹುಟ್ಟುವುದಕ್ಕೂ ಕೋಟಿಗಟ್ಟಲೆ ವರ್ಷ ಮೊದಲು ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಪದರ ಪದರವಾಗಿ ಕುಳಿತದ್ದು. ಭೀಮಾ ತೀರದ ಈ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ಸಾಲುಗಟ್ಟಿರುವುದೂ ಆ ಕಡಲಿನ ದಯೆಯಿಂದಲೇ. ಅದರ ಮೇಲೆ, ಬಹಳ ಕಾಲದ ನಂತರ, ಲಾವಾ ಹರಿಯಿತು. ಲಾವಾ ಸವೆದು ಎರೆ ಆಯಿತು. ಎರೆಯಲ್ಲಿ ನಾವು ತೊಗರಿ ಬಿತ್ತಿದೆವು. ಇದೆಲ್ಲ ಪುಸ್ತಕದಲ್ಲಿ ಓದಿ ಮರೆತಿದ್ದ ಸಂಗತಿ. ಗಣಿಯೊಂದರ ಅಂಚಿನಲ್ಲಿ ನಿಂತು ನೋಡಿದಾಗ ಅದು ಬೇರೆಯೇ ತೂಕದಲ್ಲಿ ಕಂಡಿತು.

ಶಹಾಬಾದ್ ಚಿತ್ತಾಪುರದ ಕಡೆ ಬಿಟ್ಟುಹೋದ ಗಣಿಗಳು ಬಹಳ. ಕಲ್ಲಿನ ಪದರಗಳು ಮಟ್ಟಗೋಲು ಇಟ್ಟಷ್ಟು ಸಮವಾಗಿ ಮಲಗಿವೆ, ಗಡಾರಿ ಹಾಕಿ ಮೀಟಿದರೆ ಹಲಗೆಯಾಗಿ ಏಳುತ್ತವೆ. ಹಾಗೆ ಎಬ್ಬಿಸಿದ ಕಡೆಯೆಲ್ಲ ಮೆಟ್ಟಿಲು ಉಳಿದು, ತಗ್ಗಿನಲ್ಲಿ ಮಳೆ ನೀರು ನಿಂತಿರುತ್ತದೆ. ಬೂದು, ನಸುನೀಲಿ, ಕೆಲವು ಕಡೆ ತೆಳು ಗುಲಾಬಿ. ಕರಾವಳಿಯಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬಿಚ್ಚುತ್ತೇನೆ: ಕ್ಯಾಮೆರಾ ಕೆಳಗೆ, ದಿಗಂತ ಮೇಲೆ ಅಥವಾ ಹೊರಗೆ, ಒದ್ದೆ ಕಲ್ಲಿನ ಹೊಳಪಿಗೆ ಪೋಲರೈಸರ್. ಅಲೆ ಇಲ್ಲ. ಆದರೆ ಬೇಸಿಗೆ ಏರಿದಂತೆ ನೀರು ಇಳಿಯುತ್ತಾ ಪ್ರತಿ ವಾರ ಒಂದು ಹೊಸ ಅಂಚು ಬಿಟ್ಟುಕೊಡುತ್ತದೆ, ಬಿಳಿ ಗೆರೆ ಸಮೇತ. ಇಲ್ಲಿನ ಇಳಿತಕ್ಕೆ ಚಂದ್ರನ ಹಂಗಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟೇ.

ಸೇಂಟ್ ಮೇರೀಸ್‌ನ ಕಂಬದ ತಲೆಗಳು, ಅಘನಾಶಿನಿಯ ಬೆನ್ನುಗಳು, ಮಾವ ಹೊಲವೆಂದ ಮರಳು, ಇವುಗಳ ಜೊತೆಗೆ ಗಣಿಯ ಚಿತ್ರಗಳನ್ನೂ ಸೇರಿಸಿ ಒಂದೇ ಅಳತೆಯಲ್ಲಿ ಪ್ರಿಂಟ್ ಹಾಕಿಸುವ ಯೋಚನೆಯಿದೆ. ಊರಿನ ಹೆಸರು ಬರೆಯಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಗೆಳೆಯರಲ್ಲಿ ಅರ್ಧ ಮಂದಿ ಬೇಕು ಎನ್ನುತ್ತಾರೆ. ಗಣಿಗೆ ಬರುವ ಮನಸ್ಸಿದ್ದವರು ಭಾನುವಾರ ಬನ್ನಿ. ಉಳಿದ ದಿನ ಪಕ್ಕದ ಗಣಿಗಳಲ್ಲಿ ಕಲ್ಲು ಕೊಯ್ಯುವ ಯಂತ್ರ ಓಡುತ್ತಿರುತ್ತದೆ, ಬಿಳಿ ದೂಳು ಲೆನ್ಸಿನೊಳಗೂ ಹೋಗುತ್ತದೆ. ಬೆಳಿಗ್ಗೆ ಏಳರೊಳಗೆ ತಲುಪಬೇಕು, ಹತ್ತರ ಮೇಲೆ ಕಲ್ಲು ಕಾಯ್ದು ಕೂರಲಾಗುವುದಿಲ್ಲ. ಅಂಚಿನ ಕಲ್ಲುಗಳು ಸಡಿಲವಿರುತ್ತವೆ, ನೀರು ಎಷ್ಟು ಆಳವೆಂದು ಮೇಲಿನಿಂದ ಗೊತ್ತಾಗುವುದಿಲ್ಲ. ಮೆಟ್ಟಿಲು ಕಂಡಿತೆಂದು ಇಳಿಯಬೇಡಿ. ಟ್ರೈಪಾಡ್ ತನ್ನಿ, ನೀರಿನ ಬಾಟಲಿ ತನ್ನಿ. ರೊಟ್ಟಿ, ಶೇಂಗಾ ಹಿಂಡಿ ನಾನು ತರುತ್ತೇನೆ.